ಹದಿನಾರು ಬೊಂಬೆಗಳ ಬಾಗಿನ

ನಿವೃತ್ತನಾದ ಮೇಲೆ ನಾನು ಯಾರಿಗೂ ಅಂಗಡಿಯಿಂದ ಉಡುಗೊರೆ ಕೊಂಡು ಕೊಟ್ಟಿಲ್ಲ. ಎಲ್ಲವನ್ನೂ ಮನೆಯಲ್ಲೇ ಮಾಡುತ್ತೇನೆ. ಯುಗಾದಿಗೆ ತೆಂಗಿನ ಚಿಪ್ಪು ಉಜ್ಜಿ ಮಾಡಿದ ಕುಂಕುಮದ ಬಟ್ಟಲು. ಸಂಕ್ರಾಂತಿಗೆ ಎಳ್ಳುಬೆಲ್ಲ ತುಂಬಲು ಹಳೆಯ ಲಗ್ನಪತ್ರಿಕೆಗಳನ್ನು ಮಡಚಿ ಮಾಡಿದ ಪೆಟ್ಟಿಗೆ. ಗೌರಿ ಹಬ್ಬಕ್ಕೆ ತಂಗಿಗೆ ಬಾಗಿನ. ಸಾಮಾನಿಗೆ ಹೆಚ್ಚು ಖರ್ಚಿಲ್ಲ. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರ ಶೆಡ್ಡಿನ ಹಿಂದೆ ಬಿದ್ದಿರುವ ಮರದ ತುಂಡುಗಳನ್ನು ಒಂದು ಚೀಲ ತಂದರೆ ವರ್ಷಪೂರ್ತಿ ಸಾಕು. ಹೊಲಿಗೆಯವರು ಬಟ್ಟೆ ಚೂರುಗಳನ್ನು ಸುಮ್ಮನೆ ಕೊಡುತ್ತಾರೆ. ರೇಷ್ಮೆಗೂಡು ನಮ್ಮ ರಾಮನಗರದಲ್ಲಿ ಕೇಳಿದವರಿಗೆಲ್ಲ ಒಂದು ಹಿಡಿ ಸಿಗುತ್ತದೆ.

ಮೂವತ್ತನಾಲ್ಕು ವರ್ಷ ನಾನು ಬಿತ್ತನೆ ಕೋಠಿಯಲ್ಲಿ ಕೆಲಸ ಮಾಡಿದೆ. ರೈತರಿಗೆ ರೇಷ್ಮೆಹುಳದ ಮೊಟ್ಟೆ ತಯಾರಿಸಿ ಕೊಡುವ ಜಾಗ ಅದು. ಅಲ್ಲಿ ಗೂಡನ್ನು ಬೇಯಿಸುವುದಿಲ್ಲ. ಒಳಗಿನ ಹುಳ ಚಿಟ್ಟೆಯಾಗಿ ಗೂಡು ತೂತುಮಾಡಿ ಹೊರಬರಲಿ ಎಂದು ಕಾಯುತ್ತೇವೆ. ಬೆಳಗಿನ ಐದಕ್ಕೆ ದೀಪ ಹಾಕಬೇಕು. ಬೆಳಕು ಬಿದ್ದ ಕೂಡಲೇ ಸಾವಿರಾರು ಗೂಡುಗಳ ತುದಿ ಒದ್ದೆಯಾಗತೊಡಗುತ್ತದೆ. ಗಂಡು ಹೆಣ್ಣು ಜೋಡಿಯಾಗಲು ಬಿಟ್ಟು, ಮೂರೂವರೆ ತಾಸಿಗೆ ಸರಿಯಾಗಿ ಬಿಡಿಸಬೇಕು. ಹೆಣ್ಣನ್ನು ಹಾಳೆಯ ಮೇಲಿಟ್ಟು ಕರಿಯ ಬಟ್ಟಲು ಮುಚ್ಚಬೇಕು. ಮೊಟ್ಟೆ ಇಟ್ಟಾದ ಮೇಲೆ ಆ ತಾಯಿ ಚಿಟ್ಟೆಯನ್ನು ಪುಟ್ಟ ಕಲ್ಲಿನಲ್ಲಿ ಅರೆದು, ರೋಗವಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಒಂದು ಗಳಿಗೆ ತಪ್ಪಿದರೆ ಎಲ್ಲ ಕೆಡುತ್ತದೆ. ಅದಕ್ಕೇ ನಾನು ಪ್ರತಿಯೊಂದನ್ನೂ ಡೈರಿಯಲ್ಲಿ ಬರೆದು, ಮುಗಿದದ್ದಕ್ಕೆ ಪಕ್ಕದಲ್ಲಿ ಗುರುತು ಹಾಕುವುದನ್ನು ಕಲಿತೆ. ಗುರುತು ಬಿದ್ದರೆ ಕೆಲಸ ಆಗಿದೆ. ಬೀಳದಿದ್ದರೆ ಆಗಿಲ್ಲ. ಮನೆಯಲ್ಲೂ ಹಾಗೆಯೇ ನಡೆದುಕೊಂಡು ಬಂದಿದ್ದೇನೆ.

ನನ್ನ ತಂಗಿಗೆ ಡೈರಿ ಬೇಕಿರಲಿಲ್ಲ. ಅವಳಿಗೆ ಕಿವಿ ಇತ್ತು.

ನಾವು ಹುಟ್ಟಿ ಬೆಳೆದದ್ದು ಕನಕಪುರದ ಕಡೆಯ ಹಳ್ಳಿಯಲ್ಲಿ. ಮನೆಯ ಅರ್ಧಭಾಗ ನಮ್ಮದು, ಅರ್ಧಭಾಗ ಹುಳುಗಳದು. ಹುಳು ಗೂಡು ಕಟ್ಟುವ ಮೂರು ದಿನ ಅವ್ವ ನಮ್ಮನ್ನು ಪಿಸುಮಾತಿನಲ್ಲೇ ಗದರುತ್ತಿದ್ದಳು. “ಮಾತಾಡ್ಬ್ಯಾಡಿ. ಒಳ್ಗಿರೋವು ಕೇಳುಸ್ಕೊತವೆ.” ಆಮೇಲೆ ಗೂಡು ಬಿಡಿಸುವಾಗ ತಂಗಿಯ ಕೆಲಸ. ಏಳೆಂಟು ವರ್ಷದ ಹುಡುಗಿ ಒಂದೊಂದೇ ಗೂಡನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲುಗಿಸಿ ಎರಡು ಗುಡ್ಡೆ ಮಾಡುತ್ತಿದ್ದಳು. “ಇದು ಸತ್ತದೆ. ಇದು ಮಲ್ಗದೆ. ಇದೂ ಮಲ್ಗದೆ.” ಗೂಡು ಅಲುಗಿಸಿ ನೋಡುವುದು ಎಲ್ಲ ರೈತರಿಗೂ ಗೊತ್ತು. ಆದರೆ ಇವಳು ಕೆಲವು ಸಲ ಅಲುಗಿಸುತ್ತಲೂ ಇರಲಿಲ್ಲ, ಸುಮ್ಮನೆ ಹಿಡಿದು ಕೇಳುತ್ತಿದ್ದಳು. ಅಪ್ಪ ನಗುತ್ತ, ಪರೀಕ್ಷೆಗೆಂದು ಬ್ಲೇಡಿನಿಂದ ಗೂಡು ಸೀಳಿ ನೋಡುತ್ತಿದ್ದರು. ಅವಳು ತಪ್ಪಿದ್ದನ್ನು ನಾನು ಕಾಣಲಿಲ್ಲ. ಒಂದು ದಿನ ಅಪ್ಪ ನಗುವುದನ್ನು ನಿಲ್ಲಿಸಿದರು. ಆಮೇಲೆ ಗೂಡು ಸೀಳಲಿಲ್ಲ.

ಆ ತಂಗಿಗೆ ಈಗ ಅರವತ್ತಾರು. ನನಗಿಂತ ನಾಲ್ಕು ವರ್ಷ ಚಿಕ್ಕವಳು. ಸೋಲೂರಿನ ಹತ್ತಿರದ ಹಳ್ಳಿಯಲ್ಲಿ ತೆಂಗಿನ ತೋಟ, ನಾಲ್ಕು ಹಸು, ಒಬ್ಬ ಮಗ, ಒಬ್ಬಳು ಸೊಸೆ. ಭಾವನವರಿಗೆ ಎರಡು ವರ್ಷದಿಂದ ಕಿವಿ ಕೇಳದು. ತೋಟದ ಮನೆಯಲ್ಲೇ ಮಲಗುತ್ತಾರೆ.

ಅಪ್ಪ ಅವ್ವ ಹೋದ ಮೇಲೆ ತವರಿನ ಬಾಗಿನ ಕೊಡುವುದು ನನ್ನ ಪಾಲಿಗೆ ಬಂತು. ಹೊಸ ಮೊರ ಎರಡು. ಒಂದರಲ್ಲಿ ಅರಿಸಿನ, ಕುಂಕುಮ, ಬಳೆ, ಕನ್ನಡಿ, ಬಾಚಣಿಗೆ, ರವಿಕೆ ಬಟ್ಟೆ, ಬೇಳೆ, ಬೆಲ್ಲ. ಇನ್ನೊಂದನ್ನು ಅದರ ಮೇಲೆ ಕವುಚಿ ಅರಿಸಿನದ ದಾರದಿಂದ ಸುತ್ತಿ ಕಟ್ಟುವುದು. ನಮ್ಮ ಮನೆಯ ಪದ್ಧತಿಯಲ್ಲಿ ಬಾಗಿನ ಹಬ್ಬಕ್ಕೆ ಆರು ದಿನ ಮುಂಚೆ ಹೋಗಿ ಹೆಣ್ಣುಮಗಳ ದೇವರ ಕೋಣೆಯಲ್ಲಿ ಕೂರಬೇಕು. ಗೌರಿಯ ಪೂಜೆ ಆಗುವವರೆಗೆ ಅದನ್ನು ಯಾರೂ ಬಿಚ್ಚುವಂತಿಲ್ಲ. ಬಿಚ್ಚಿದರೆ ತವರಿಗೆ ಕೇಡು ಎಂದು ಅವ್ವ ಹೇಳುತ್ತಿದ್ದಳು. ನಾನು ನಂಬುವವನಲ್ಲ. ಆದರೂ ಪದ್ಧತಿ ಪದ್ಧತಿಯೇ.

ಬಾಗಿನದೊಳಗೆ ಪ್ರತಿ ವರ್ಷ ನನ್ನ ಕೈಯಲ್ಲಿ ಮಾಡಿದ ಒಂದು ವಸ್ತು ಇರುತ್ತದೆ. ಹೋದ ವರ್ಷ ಬೊಂಬೆಗಳನ್ನು ಇಟ್ಟಿದ್ದೆ. ಮೈಗೆ ಚನ್ನಪಟ್ಟಣದ ಮರದ ತುಂಡು, ಸೀರೆಗೆ ಬಟ್ಟೆ ಚೂರು, ತಲೆಗೆ ಚಿಟ್ಟೆ ಹೊರಬಂದ ಮೇಲೆ ಉಳಿಯುವ ಖಾಲಿ ತೂತುಗೂಡು. ತಂಗಿ ಫೋನಿನಲ್ಲಿ ನಕ್ಕಿದ್ದಳು.

“ಏನಣ್ಣ, ನಿನ್ ಬೊಂಬೆಗೆಲ್ಲ ನೆತ್ತಿ ತೂತು! ನಿನ್ ಥರಾನೇ ಮಾಡಿದ್ದೀಯಲ್ಲ!”

ಆ ಮಾತಿಗೇ ಈ ವರ್ಷ ತೂತಿಲ್ಲದ ಇಡೀ ಗೂಡು ಬೇಕೆಂದು ನಿಶ್ಚಯಿಸಿದೆ. ಗೌರಿಯ ದಾರಕ್ಕೆ ಹದಿನಾರು ಗಂಟು, ಆದ್ದರಿಂದ ಹದಿನಾರು ಬೊಂಬೆ. ಪಕ್ಕದ ರಸ್ತೆಯಲ್ಲಿ ನೂಲು ಬಿಚ್ಚುವವರ ಮನೆಯಿದೆ. ಅವರು ಮಾರುಕಟ್ಟೆಯಿಂದ ಆಗತಾನೆ ತಂದ ಗೂಡನ್ನು ಒಂದು ಪಾತ್ರೆ ತುಂಬ ಕೊಟ್ಟರು. ನನಗೆ ಬೇಕಾದ ಹದಿನಾರು ಆರಿಸಿಕೊಂಡು ಮಿಕ್ಕದ್ದನ್ನು ಹಿಂದಿರುಗಿಸುವುದೆಂದು ಮಾತಾಯಿತು. ಇಡೀ ಗೂಡಿನೊಳಗೆ ಹುಳ ಜೀವಂತವಿರುತ್ತದೆ. ಹಬೆ ತೋರಿಸಿ ಕೊಲ್ಲದಿದ್ದರೆ ಒಂದು ವಾರದೊಳಗೆ ಚಿಟ್ಟೆಯಾಗಿ ಬರುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹದಿನಾರನ್ನು ಆರಿಸಿದೆ. ಹಳೆಯ ಇಡ್ಲಿ ಪಾತ್ರೆಯಲ್ಲಿ ಇಪ್ಪತ್ತೈದು ನಿಮಿಷ ಹಬೆಗಿಟ್ಟೆ. ಬೆಂದ ಹುಳದ ವಾಸನೆ ಅಡುಗೆಮನೆ ತುಂಬಿತು. ಹೆಂಡತಿ ಮೂಗಿಗೆ ಸೆರಗು ಹಿಡಿದು ಅಂಗಳಕ್ಕೆ ಹೋದಳು. ನೆರಳಲ್ಲಿ ಒಣಗಿಸಿ ತಗಡಿನ ಡಬ್ಬಿಯೊಂದಕ್ಕೆ ಹಾಕಿ, ಚೀಟಿ ಅಂಟಿಸಿದೆ: “ಹಬೆ ಆಯಿತು.” ಮಿಕ್ಕ ಗೂಡನ್ನು ಅಂಥದೇ ಇನ್ನೊಂದು ಡಬ್ಬಿಗೆ ಹಾಕಿ ಬರೆದೆ: “ಹಿಂದಿರುಗಿಸುವುದು.” ಎರಡನ್ನೂ ಗೋಡೆಯ ಮಾಡದೊಳಗೆ ಇಟ್ಟೆ. ಆದದ್ದು ಎಡಕ್ಕೆ, ಹಿಂದಿರುಗಿಸುವುದು ಬಲಕ್ಕೆ. ಡೈರಿಯಲ್ಲಿ ಗುರುತು ಹಾಕಿದೆ.

ಮರುದಿನ ಬೆಳಿಗ್ಗೆ ಎಡಗಡೆಯ ಡಬ್ಬಿ ತೆಗೆದೆ. ಅದರ ಮುಚ್ಚಳ ಬಿಗಿಯಾಗಿತ್ತು, ಚಮಚದ ಹಿಡಿಯಿಂದ ಎಬ್ಬಿಸಿದೆ. ಗೂಡಿನ ಒಂದು ತುದಿಗೆ ಗೋಂದು ಹಚ್ಚಿ ಮರದ ಕತ್ತಿನ ಮೇಲೆ ಕೂರಿಸಿದೆ. ಕಣ್ಣು, ಹುಬ್ಬು, ತುಟಿ, ಹಣೆಗೆ ಚುಕ್ಕೆ ಬರೆದೆ. ಹದಿನಾರು ಜನ ಹೆಂಗಸರು ಮೇಜಿನ ಮೇಲೆ ಸಾಲಾಗಿ ನಿಂತು ನನ್ನನ್ನೇ ನೋಡಿದರು. ಮಧ್ಯಾಹ್ನ ನೂಲಿನ ಮನೆಯವರು ಬಂದು ಮಿಕ್ಕ ಗೂಡು ತೆಗೆದುಕೊಂಡು ಹೋದರು. ಗುರುತು. ಎರಡು ದಿನಗಳಲ್ಲಿ ಸೀರೆ ಉಡಿಸಿ ಮುಗಿಯಿತು. ಗುರುತು.

ಹಬ್ಬಕ್ಕೆ ಆರು ದಿನ ಇರುವಾಗ ಮಾಗಡಿ ಮೇಲೆ ಎರಡು ಬಸ್ಸು ಬದಲಾಯಿಸಿ ತಂಗಿಯ ಮನೆ ಮುಟ್ಟಿದೆ. ಅವಳು ಸೆರಗಿನಲ್ಲಿ ಬಾಗಿನ ಹಿಡಿದುಕೊಂಡಳು. ಹಿಡಿದವಳು ಹಾಗೇ ನಿಂತಳು. ಮೆಲ್ಲಗೆ ಮೊರವನ್ನು ಕಿವಿಯ ಮಟ್ಟಕ್ಕೆ ಎತ್ತಿದಳು.

“ಅಣ್ಣ, ಇದ್ರೊಳ್ಗೆ ಜೀವ ಐತೆ.”

“ಎಲ್ಲಾ ಹಬೆಗೆ ಇಟ್ಟಿದ್ದು ಕಣಮ್ಮ.”

“ಹಬೆಗೆ ಇಟ್ಟಿದ್ದಾ?” ಅವಳು ಮತ್ತೊಮ್ಮೆ ಕೇಳಿಸಿಕೊಂಡಳು. “ಹಂಗಾದ್ರೆ ಸತ್ತೋರೇ ಇರ್ಬೇಕು. ತಿರುಗಾಡ್ತಾವ್ರಪ್ಪ.”

ಸೊಸೆ ನನ್ನ ಕಡೆ ನೋಡಿ, ನೋಡಿದಿರಾ ಎನ್ನುವಂತೆ ಕಣ್ಣು ಸಣ್ಣಗೆ ಮಾಡಿದಳು. ವಿಷಯ ನನಗೂ ಗೊತ್ತಿತ್ತು. ಆರು ತಿಂಗಳಿಂದ ತಂಗಿ ಮರೆಯುತ್ತಿದ್ದಳು. ಒಲೆಯ ಮೇಲೆ ಹಾಲಿಟ್ಟು ಮರೆತು ಪಾತ್ರೆ ಸುಟ್ಟಿದ್ದಳು. ಒಂದು ಮುಂಜಾನೆ ಸೋಲೂರಿನ ಬಸ್ ನಿಲ್ದಾಣದಲ್ಲಿ ನಿಂತು, ಹುಳಕ್ಕೆ ಸೊಪ್ಪು ತರಬೇಕು, ತವರೂರಿನ ಬಸ್ಸು ಯಾವುದು ಎಂದು ಕೇಳುತ್ತಿದ್ದಳಂತೆ. ಹುಳ ಸಾಕುವುದನ್ನು ಬಿಟ್ಟು ಇಪ್ಪತ್ತು ವರ್ಷವಾಗಿದೆ.

ನಾಲ್ಕನೆಯ ದಿನ ಬೆಳಿಗ್ಗೆ ಆರೂವರೆಗೆ ಅಳಿಯ ಫೋನ್ ಮಾಡಿದ. ತಂಗಿಯ ಮಗ. ಹಾಲಿನ ಸೊಸೈಟಿಗೆ ಹಾಲು ಹಾಕಲು ಹೊರಟವನು ದಾರಿಯಲ್ಲೇ ಗಾಡಿ ನಿಲ್ಲಿಸಿದ್ದ.

“ಮಾವ, ಅವ್ವ ಕೈಮೀರ್ತಾ ಅದೆ. ಐದು ಗಂಟೆಗೇ ಎದ್ಬುಟ್ಟು ದೇವ್ರ ಕ್ವಾಣೆಲಿ ಮೊರಕ್ಕೆ ಕಿವಿ ಕೊಟ್ಕೊಂಡು ಕುಂತ್ಬುಡ್ತದೆ. ಹೆಣ್ಮಕ್ಳು ರೆಕ್ಕೆ ಬಡೀತಾವ್ರೆ, ಬುಟ್ಬುಡಿ ಅಂತದೆ.”

“ಇಲಿಗಿಲಿ ಇರಬಹುದು. ನೀನು ನೋಡಿದೆಯಾ?”

“ನಿನ್ನೆ ಮಧ್ಯಾನ ನಾನೇ ಎತ್ತಿ ಅಳ್ಳಾಡ್ಸಿ ನೋಡ್ದೆ ಮಾವ. ಒಳ್ಗೆ ಬೇಳೆ ಸದ್ದು, ಇನ್ನೇನಿಲ್ಲ. ಬಿಚ್ಚಿ ತೋರ್ಸಣ ಅಂದ್ರೆ, ಹಬ್ಬದ ಮುಂಚೆ ಬಿಚ್ಬ್ಯಾಡ, ಅಣ್ಣಂಗೆ ಕೇಡು ಅಂತ ನನ್ಗೇ ಹೊಡ್ಯಕ್ಕೆ ಬತ್ತದೆ. ಇವತ್ತು ಬಾಗ್ಲು ತಕ್ಕೊಂಡು ಬೀದಿಗೆ ಬೇರೆ ಹೋಗಿತ್ತು. ಬಾವಿ ಐತೆ, ರೋಡೈತೆ. ಅದ್ರ ಕ್ವಾಣೆಗೆ ಹೊರ್ಗಿಂದ ಒಂದು ಚಿಲ್ಕ ಹಾಕ್ಸಣ ಅಂತ. ಅಡ್ಗೆ ಮನೆನೂ ಬುಡುಸ್ಬೇಕು. ನೀವು ದೊಡ್ಡೋರು, ಹೂಂ ಅಂದ್ರೆ ಹಾಕುಸ್ತೀನಿ.”

ನಾನು ಡೈರಿ ತೆರೆದೆ. ಹಬೆ: ಗುರುತು ಇತ್ತು.

“ಹಾಕಿಸು. ಅವಳ ಒಳ್ಳೆಯದಕ್ಕೇ.”

ಫೋನ್ ಇಟ್ಟ ಮೇಲೆ ಹೆಂಡತಿ ಸೊಪ್ಪು ಬಿಡಿಸುತ್ತಲೇ ಕೇಳಿದಳು. “ಅಲ್ರೀ, ಅವ್ಳು ಹುಟ್ಟಿದಾಗ್ನಿಂದ ಗೂಡಿನ ವಿಷ್ಯದಲ್ಲಿ ತಪ್ಪು ಹೇಳಿದ್ದಾಳಾ?”

“ಈಗ ಅವಳಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ.”

“ಗೋಡೆ ಮಾಡದಲ್ಲಿರೋ ಡಬ್ಬಿ ಒಂದ್ಸಲ ತೆಗ್ದು ನೋಡಬಾರ್ದಾ?”

“ಗುರುತು ಹಾಕಿದೆ.”

“ಹೂಂ. ನಾಳೆ ನಾನು ಉಸಿರಾಡ್ತಿದ್ದೀನಾ ಇಲ್ವಾ ಅಂತಾನೂ ಡೈರಿ ನೋಡಿ ಹೇಳಿ.”

ನಾನು ಡಬ್ಬಿ ತೆಗೆದು ನೋಡಲಿಲ್ಲ. ಖಾಲಿ ಡಬ್ಬಿಯಲ್ಲಿ ನೋಡುವುದೇನು?

ಹಬ್ಬದ ದಿನ ಮೊದಲ ಬಸ್ಸಿಗೆ ಹೊರಟೆ. ಸಾಮಾನ್ಯವಾಗಿ ಹಬ್ಬದ ದಿನ ಹೋಗುವುದಿಲ್ಲ. ಈ ಸಲ ಅಳಿಯ ಬರಲು ಹೇಳಿದ್ದ. ಪೂಜೆಯ ಮರುವಾರ ಬೆಂಗಳೂರಿನಲ್ಲಿ ಡಾಕ್ಟರಿಗೆ ತೋರಿಸುವುದೆಂದೂ, ಅವಳನ್ನು ನಾನು ಒಪ್ಪಿಸಬೇಕೆಂದೂ ಅವನ ಎಣಿಕೆ.

ನಾನು ಹೋದಾಗ ತಂಗಿ ನಡುಮನೆಯಲ್ಲಿ ಸ್ನಾನ ಮಾಡಿ ಹೂ ಮುಡಿದು ಕೂತಿದ್ದಳು. ಅವಳ ಕೋಣೆಯ ಬಾಗಿಲಲ್ಲಿ ಹೊಳೆಯುವ ಹೊಸ ಚಿಲಕ. ಕೆಳಗೆ ನೆಲದ ಮೇಲೆ ಮರದ ಪುಡಿ ಇನ್ನೂ ಗುಡಿಸಿರಲಿಲ್ಲ.

“ಬಂದ್ಯಾ ಅಣ್ಣ. ನೋಡು, ನನ್ನೂ ಕರಿ ಬಟ್ಲು ಕೆಳ್ಗೆ ಮಡ್ಗವ್ರೆ. ಬೆಳಗಾದ್ರೆ ಎತ್ತಾರೆ, ಕತ್ಲಾದ್ರೆ ಮುಚ್ತಾರೆ.” ಕೋಠಿಯ ಕತೆಗಳನ್ನು ನಾನೇ ಅವಳಿಗೆ ಹೇಳಿದ್ದು. ಆಮೇಲೆ ಗುಟ್ಟು ಹೇಳುವವಳಂತೆ ಬಗ್ಗಿದಳು. “ಹನ್ನೊಂದು ಜನ ಹೊರಕ್ಕೆ ಬಂದವ್ರೆ. ಐದು ಜನಕ್ಕೆ ಬಾಗ್ಲು ಸಿಕ್ಕಿಲ್ಲ. ಬೇಗ ಪೂಜೆ ಮಾಡ್ಸು.”

ಸೊಸೆ ಅಡುಗೆಮನೆಯಿಂದಲೇ, “ಅತ್ತೆ, ಸುಮ್ನಿರಿ, ಹಬ್ಬದ ದಿನ,” ಎಂದಳು. ಬೈಗುಳದ ದನಿಯಲ್ಲ, ದಣಿದ ದನಿ.

ಪೂಜೆ ಮುಗಿಯಿತು. ಅಳಿಯ ಬಾಗಿನ ತಂದು ಚಾಪೆಯ ಮೇಲಿಟ್ಟ. ತಂಗಿ ಅರಿಸಿನದ ದಾರ ಬಿಚ್ಚಿದಳು. ಮೇಲಿನ ಮೊರ ಎತ್ತಿದಳು.

ಮೊದಲು ಬಂದದ್ದು ವಾಸನೆ. ಮೂವತ್ತನಾಲ್ಕು ವರ್ಷ ಬೆಳಗಿನ ಐದಕ್ಕೆ ಬಾಗಿಲು ತೆರೆದಾಗ ಮುಖಕ್ಕೆ ಬಡಿದ ಅದೇ ವಾಸನೆ.

ನನ್ನ ಹದಿನಾರು ಹೆಂಗಸರು ಬೇಳೆಯ ಮೇಲೆ ಒರಗಿಕೊಂಡಿದ್ದರು. ನಾನು ಬರೆದ ಕಣ್ಣುಗಳು ಹಾಗೇ ತೆರೆದಿದ್ದವು. ಆದರೆ ಹಲವರ ನೆತ್ತಿಗಳು ಬಿರಿದಿದ್ದವು. ಹುಬ್ಬಿನ ಮೇಲಿಂದ ಕೆನ್ನೆಗೆ ಕಂದು ನೀರು ಇಳಿದು ಒಣಗಿತ್ತು. ರವಿಕೆ ಬಟ್ಟೆಯ ಮೇಲೆಲ್ಲ ಅದೇ ಕಲೆ, ಹಳೆಯ ರಕ್ತದ ಬಣ್ಣದ್ದು. ಕನ್ನಡಿಯ ಮೇಲೆ, ಬಳೆಗಳ ಮೇಲೆ, ಬೊಂಬೆಗಳ ತುಟಿಯ ಮೇಲೆ, ಸಾಸಿವೆಗಿಂತ ಸಣ್ಣ ಹಳದಿ ಮೊಟ್ಟೆಗಳು ಒತ್ತೊತ್ತಾಗಿ ಅಂಟಿದ್ದವು. ಬಿಳಿಯ ಚಿಟ್ಟೆಗಳು ಕೆಲವು ಸತ್ತಿದ್ದವು. ಕೆಲವು ಬೊಂಬೆಯ ಸೀರೆಯ ಅಂಚು ಹಿಡಿದುಕೊಂಡು ರೆಕ್ಕೆ ನಡುಗಿಸುತ್ತಿದ್ದವು. ಆ ಸದ್ದು ಎಷ್ಟು ಸಣ್ಣದೆಂದರೆ, ಅದನ್ನು ಕೇಳಲು ನಾವೆಲ್ಲ ಉಸಿರು ಹಿಡಿಯಬೇಕಾಯಿತು. ಸೊಸೆ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು.

ನಾನು ಎಣಿಸಿದೆ. ಎಣಿಸುವುದು ನನಗೆ ಅಭ್ಯಾಸ. ನೆತ್ತಿ ಬಿರಿದ ಬೊಂಬೆ ಹನ್ನೊಂದು. ಬಿರಿಯದ್ದು ಐದು.

ಮೊರ ಮುಚ್ಚಿದ್ದಾಗಲೇ ಅವಳು ಹೇಳಿದ ಲೆಕ್ಕ ಅದೇ.

ತಂಗಿ ಆ ಐದನ್ನು ಮಡಿಲಲ್ಲಿಟ್ಟುಕೊಂಡಳು. “ಕತ್ರಿ ಕೊಡವ್ವ,” ಎಂದು ಸೊಸೆಯನ್ನು ಕೇಳಿದಳು. ಒಂದೊಂದರ ತಲೆಯನ್ನೂ ಮರದ ಕತ್ತಿನಿಂದ ಕಿತ್ತು, ಗೋಂದು ಮೆತ್ತಿದ ತುದಿಯನ್ನು ಸಣ್ಣಗೆ ಕತ್ತರಿಸಿದಳು. “ಇವ್ರ ಬಾಗ್ಲು ಈ ಕಡೀಕಿತ್ತು. ನೀನು ಅಂಟ್ ಹಾಕಿ ಮುಚ್ಚಿದ್ದೆ ಅಣ್ಣ.” ಎರಡು ಸತ್ತಿದ್ದವು. ಎರಡು ಹೊರಗೆ ಬಂದವು, ರೆಕ್ಕೆ ಸುರುಟಿಕೊಂಡು. ಐದನೆಯದು ತಲೆಯಷ್ಟೇ ಹೊರಹಾಕಿ ಅಲ್ಲೇ ನಿಂತಿತು.

“ಮಾವ,” ಅಂದ ಅಳಿಯ. “ಹಬೆಗೆ ಇಟ್ಟಿದ್ದೆ ಅಂದ್ರಲ್ಲ.”

“ಇಟ್ಟಿದ್ದೆ,” ಎಂದೆ. ಸುಳ್ಳು ಹೇಳುತ್ತಿದ್ದೇನೆ ಎನಿಸಲಿಲ್ಲ. ಎಡಗಡೆಯ ಡಬ್ಬಿ, ಬಿಗಿ ಮುಚ್ಚಳ, ಚಮಚದ ಹಿಡಿ ಎಲ್ಲವೂ ಕಣ್ಣಿಗೆ ಕಟ್ಟಿದಂತಿತ್ತು.

“ಅಣ್ಣ ಇಟ್ಟಿರ್ತನೆ ಕಣ್ಲಾ,” ಎಂದಳು ತಂಗಿ ಮಗನಿಗೆ. “ಇವ್ಕೇ ಸಾಯಕ್ಕೆ ಮನಸ್ಸಾಗಿಲ್ಲ.”

ಭಾವನವರು ಏನೂ ಕೇಳದೆ ಎಲ್ಲರ ಮುಖ ನೋಡಿ, “ಬೊಂಬೆ ಚೆನ್ನಾಗವೆ,” ಎಂದು ಜೋರಾಗಿ ಹೇಳಿದರು.

ಹೊರಡುವಾಗ ಅಳಿಯ ಬಸ್ಸಿನವರೆಗೆ ಬಂದ. “ಈ ಸಲ ಏನೋ ಅವ್ವ ಹೇಳಿದ್ದು ಸರಿಯಾಯ್ತು. ಆದ್ರೂ ಚಿಲ್ಕ ಇರ್ಲಿ ಅಲ್ವಾ ಮಾವ? ಹಾಲು ಸುಟ್ಟಿದ್ದು, ಬಸ್ ಸ್ಟ್ಯಾಂಡ್‌ಗೆ ಹೋಗಿದ್ದು ನಿಜ ತಾನೆ.”

“ಇರಲಿ,” ಎಂದೆ. ಎರಡನೆಯ ಸಲ.

ಸಂಜೆ ಐದಕ್ಕೆ ಮನೆ ಸೇರಿ ಕೈಕಾಲು ತೊಳೆದು ಮಾಡದ ಮುಂದೆ ನಿಂತೆ. ಬಲಗಡೆಯ ಡಬ್ಬಿ ಇರಲಿಲ್ಲ. ಅದನ್ನು ನೂಲಿನ ಮನೆಯವರು ಬಂದ ದಿನವೇ ಹೆಂಡತಿ ತೊಳೆದು ಸಕ್ಕರೆಗೆ ಇಟ್ಟುಕೊಂಡಿದ್ದಳು. ಎಡಗಡೆಯದು ಅಲ್ಲೇ ಇತ್ತು. “ಹಬೆ ಆಯಿತು.” ನನ್ನದೇ ಅಕ್ಷರ. ಮುಚ್ಚಳಕ್ಕೆ ಕೈ ಹಾಕಿದೆ. ಬೆರಳಿನಿಂದ ಎತ್ತಿದ ಕೂಡಲೇ ಬಂತು. ಸಡಿಲವಾಗಿತ್ತು. ಹಾಗಾದರೆ ಚಮಚದ ಹಿಡಿಯಿಂದ ಎಬ್ಬಿಸಿದ ಮುಚ್ಚಳ ಯಾವುದು?

ಒಳಗೆ ಗೂಡುಗಳಿದ್ದವು. ಹದಿನಾರು. ಬೆಂದು, ಒಣಗಿ, ಹಗುರವಾಗಿ, ಯಾರೂ ಮುಟ್ಟದೆ.

ಹೆಂಡತಿ ಹಿಂದೆ ಬಂದು ನಿಂತಳು. ಡಬ್ಬಿಯನ್ನು ನೋಡಿದಳು. ಆಡಿಕೊಳ್ಳಲು ಎಲ್ಲ ಹಕ್ಕಿತ್ತು. ಆಡಿಕೊಳ್ಳದೆ ಕುರ್ಚಿ ಎಳೆದು ನನ್ನನ್ನು ಕೂರಿಸಿದಳು. ಅದೇ ನನ್ನನ್ನು ಹೆಚ್ಚು ಹೆದರಿಸಿತು.

ಕೈತಪ್ಪು ಯಾರಿಗೂ ಆಗುತ್ತದೆ. ನನ್ನನ್ನು ಕಾಡಿದ್ದು ಕೈತಪ್ಪಲ್ಲ. ಎಡಗಡೆಯಿಂದ ತೆಗೆದದ್ದು ನನಗೆ ಇವತ್ತಿಗೂ ನೆನಪಿದೆ. ಕಿಟಕಿಯ ಬೆಳಕು ಮುಚ್ಚಳದ ಮೇಲೆ ಬಿದ್ದಿದ್ದೂ ನೆನಪಿದೆ. ಆಗದೇ ಇದ್ದದ್ದು ಇಷ್ಟು ಸ್ಪಷ್ಟವಾಗಿ ಹೇಗೆ ನೆನಪಿರುತ್ತದೆ? ಡೈರಿಯ ಹಿಂದಿನ ಪುಟಗಳನ್ನು ತಿರುಗಿಸಿದೆ. ಪ್ರತಿ ಸಾಲಿನ ಪಕ್ಕದಲ್ಲೂ ಗುರುತು. ಅವುಗಳಲ್ಲಿ ಎಷ್ಟು ನಿಜ?

ತಂಗಿ ಆ ಹೊತ್ತಿಗೆ ಚಿಲಕದ ಆ ಕಡೆ ಹೋಗಿರುತ್ತಾಳೆ. ಮರೆತದ್ದು ಇಬ್ಬರೂ. ಹೊರಗಿನಿಂದ ಮುಚ್ಚಿದ್ದು ಒಬ್ಬಳನ್ನು.

ಮರುದಿನ ಬೆಳಿಗ್ಗೆ ಡಬ್ಬಿಯನ್ನೂ ಸ್ಕ್ರೂಡ್ರೈವರನ್ನೂ ಚೀಲಕ್ಕೆ ಹಾಕಿಕೊಂಡು ಮತ್ತೆ ಮೊದಲ ಬಸ್ಸು ಹಿಡಿದೆ. ಅಳಿಯನ ಮುಂದೆ ಡಬ್ಬಿ ತೆರೆದಿಟ್ಟೆ. ನಡೆದದ್ದನ್ನು ಕ್ರಮವಾಗಿ ಹೇಳಿದೆ. “ಚಿಲಕ ಹಾಕಿಸು ಅಂದವನು ನಾನು. ನನ್ನ ಲೆಕ್ಕ ನಂಬಿ ಹೇಳಿದೆ. ಲೆಕ್ಕ ತಪ್ಪಾಗಿತ್ತು. ಅವಳ ಕಿವಿ ಸರಿಯಾಗಿತ್ತು. ತೆಗೆದುಬಿಡೋಣ.”

ಅವನು ಡಬ್ಬಿಯನ್ನು ನೋಡಿದ, ಚೀಟಿಯನ್ನು ಓದಿದ, ನನ್ನನ್ನು ನೋಡಿದ. ಆರು ತಿಂಗಳಿಂದ ಅವನು ತನ್ನ ತಾಯಿಯನ್ನು ನೋಡುತ್ತಿದ್ದ ನೋಟ ನನಗೆ ಗೊತ್ತಿತ್ತು. ಅದು ಈಗ ನನ್ನ ಮೇಲೆ ಬಿತ್ತು.

“ಮಾವ, ಊಟ ಆಯ್ತಾ? ಅತ್ತೆಗೆ ಹೇಳ್ಬುಟ್ಟು ಬಂದ್ರಾ?” ಎಂದು ಕೇಳಿದ, ಮೆತ್ತಗೆ.

“ಹೇಳಿ ಬಂದೆ,” ಎಂದೆ. ಹೇಳಿದ್ದೆನೇ? ಹೇಳಿದ್ದೆ ಎಂದೇ ನೆನಪು.

ನಾಲ್ಕು ಸ್ಕ್ರೂಗಳನ್ನು ನಾನೇ ತೆಗೆದೆ. ಅಳಿಯ ತಡೆಯಲಿಲ್ಲ. ಹಾಲಿಡುವಾಗ ಸೊಸೆ ಜೊತೆಗಿರುವುದು, ಬೀದಿ ಬಾಗಿಲಿಗೆ ಒಂದು ಗಂಟೆ ಕಟ್ಟುವುದು ಎಂದು ತೀರ್ಮಾನವಾಯಿತು. ಸೊಸೆಯೇ ಗಂಟೆ ಹುಡುಕಿ ತಂದಳು, ಹಸುವಿನ ಕೊರಳಿನದು. ಡಾಕ್ಟರಿಗೂ ತೋರಿಸುವುದು, ಆದರೆ ತಂಗಿ ತಾನಾಗಿ ಒಪ್ಪಿದ ಮೇಲೆ. ತಂಗಿ ಪಕ್ಕದಲ್ಲೇ ನಿಂತು ಒಂದೊಂದು ಸ್ಕ್ರೂವನ್ನೂ ಕೈಯೊಡ್ಡಿ ಇಸಿದುಕೊಂಡಳು. ಬಾಗಿಲಲ್ಲಿ ಉಳಿದ ತೂತುಗಳಿಗೆ, ಬಿರಿದ ಗೂಡುಗಳ ಮೇಲಿನ ನವಿರು ರೇಷ್ಮೆಯನ್ನು ಕಿತ್ತು ತುಂಬಿದಳು. ಚಿಲಕವನ್ನು ಸೀರೆಯ ಸೆರಗಿನಲ್ಲಿ ಒರೆಸಿ ನನ್ನ ಚೀಲಕ್ಕೆ ಹಾಕಿದಳು.

“ತಕ್ಕೊಂಡೋಗಣ್ಣ. ನಿನ್ ಬಾಗ್ಲಿಗೆ ಬೇಕಾದೀತು.”

ಎಲ್ಲರೂ ನಕ್ಕರು. ನಾನೂ ನಕ್ಕೆ.

ಈಗ ನನ್ನ ಪದ್ಧತಿ ಬೇರೆ. ಡೈರಿ ಬರೆಯುತ್ತೇನೆ, ಗುರುತನ್ನು ಹೆಂಡತಿ ಹಾಕುತ್ತಾಳೆ. ಇಡೀ ಗೂಡಿನಲ್ಲಿ ಏನೇ ಮಾಡುವುದಿದ್ದರೂ, ಹಬೆಗಿಟ್ಟ ಮೇಲೆ ಸೋಲೂರಿಗೆ ಹೋಗಿ ತಂಗಿಯ ಮುಂದೆ ಸುರಿಯುತ್ತೇನೆ. ಈ ಸಂಕ್ರಾಂತಿಗೆ ಎಳ್ಳುಬೆಲ್ಲದ ಪೆಟ್ಟಿಗೆಗಳ ಮೇಲೆ ಅಂಟಿಸಲು ಗೂಡಿನ ಹೂ ಮಾಡಬೇಕೆಂದು ಮೂವತ್ತು ಗೂಡು ಒಯ್ದಿದ್ದೆ. ಅವಳಿಗೆ ಅಂದು ನಾನು ಯಾರೆಂದು ಗುರುತು ಸಿಗಲು ಸ್ವಲ್ಪ ಹೊತ್ತು ಹಿಡಿಯಿತು. ಮೊದಲು ಅಪ್ಪ ಎಂದಳು. ಆದರೆ ಗೂಡು ಕೈಗೆ ಬಂದ ಕೂಡಲೇ ಕೂತು ಕೆಲಸಕ್ಕೆ ತೊಡಗಿದಳು. ಸತ್ತದೆ. ಸತ್ತದೆ. ಸತ್ತದೆ. ಮೂವತ್ತೂ ಒಂದೇ ಗುಡ್ಡೆಯಾಯಿತು.

“ಸರಿಯಾಗಿ ಬೇಯ್ಸಿದ್ದೀಯ ಈ ಸಲ,” ಎಂದಳು. ಆಮೇಲೆ ನನ್ನನ್ನೇ ನೋಡಿದಳು. “ತಲೆ ಇತ್ತ ಕೊಡು.”

ತಮಾಷೆಯೆಂದು ಬಗ್ಗಿದೆ. ಎರಡೂ ಅಂಗೈಯಲ್ಲಿ ನನ್ನ ತಲೆಯನ್ನು ಹಿಡಿದು, ಗೂಡು ಅಲುಗಿಸುವಂತೆ ಒಮ್ಮೆ ಮೆಲ್ಲಗೆ ಅಲುಗಿಸಿ, ಕಿವಿ ಹತ್ತಿರ ತಂದಳು. ಕೊಟ್ಟಿಗೆಯಲ್ಲಿ ಹಸು ಕಾಲು ಬದಲಿಸಿತು. ಸೊಸೆ ಎಳ್ಳು ಹುರಿಯುವುದನ್ನು ನಿಲ್ಲಿಸಿ ನೋಡಿದಳು. ಗೂಡಿಗೆ ಅವಳು ತೆಗೆದುಕೊಂಡದ್ದು ಒಂದೊಂದು ಗಳಿಗೆ. ಇದಕ್ಕೆ ಬಹಳ ಹೊತ್ತು ಹಿಡಿಯಿತು.

“ಏನಮ್ಮ? ಏನು ಕೇಳಿಸ್ತು?” ಎಂದೆ.

“ಒಸಿ ತಡಿ,” ಎಂದಳು. “ಮಾತಾಡ್ಬ್ಯಾಡ.”